ಬೀಗ ಬಿದ್ದ ಶಾಲೆಯ ಜಾಗದಲ್ಲಿ ಊರಿನವರ ಪಾಲೆಷ್ಟು?

ಪ್ರಶ್ನೆ: ನಮ್ಮೂರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯನ್ನು ಮಕ್ಕಳು ಕಡಿಮೆಯೆಂದು ಪಕ್ಕದ ಊರಿನ ಶಾಲೆಯಲ್ಲಿ ವಿಲೀನಗೊಳಿಸಿ ಬೀಗ ಹಾಕಿದ್ದಾರೆ. ಹಿರಿಯರೊಬ್ಬರು ದಾನ ಕೊಟ್ಟ ಆ ಜಾಗ ರಸ್ತೆಗೆ ಹೊಂದಿಕೊಂಡಿರುವುದರಿಂದ ಅಲ್ಲಿ ವಾಣಿಜ್ಯ ಮಳಿಗೆ ಕಟ್ಟುವ ಮಾತು ಗ್ರಾಮ ಪಂಚಾಯಿತಿಯಲ್ಲಿ ನಡೆದಿದೆ. ಸಹಿ ಸಂಗ್ರಹಿಸಿ ಮನವಿ ಕೊಟ್ಟರೆ ಸಾಕೆ?
– ಓದುಗರೊಬ್ಬರು, ಶಿಗ್ಗಾವಿ ತಾಲ್ಲೂಕು

ಉತ್ತರ: ಸಾಲದು. ನಕ್ಷೆ ಸಿದ್ಧವಾಗಿ ಅಂದಾಜುಪಟ್ಟಿಗೆ ಮಂಜೂರಾತಿ ಸಿಕ್ಕ ಮೇಲೆ ಕೊಡುವ ಮನವಿಗೆ ಸ್ವೀಕೃತಿಯ ಮೊಹರು ಬೀಳಬಹುದೇ ಹೊರತು, ಯೋಜನೆ ಬದಲಾಗುವುದು ಅಪರೂಪ. ನಿಮ್ಮಲ್ಲಿ ಅದಿನ್ನೂ ಮಾತಿನ ಹಂತದಲ್ಲಿರುವುದರಿಂದ ಊರಿನವರು ಮುಂದಾಗಬೇಕಾದ ಸಮಯ ಇದೇ ಆಗಿದೆ.

ಮೊದಲು ಜಾಗದ ಉತಾರ, ಅಂದರೆ ಅದು ಯಾರ ಹೆಸರಿನಲ್ಲಿದೆ ಎಂದು ತೋರಿಸುವ ದಾಖಲೆ, ತೆಗೆಸಿರಿ. ನಮ್ಮ ಧಾರವಾಡ, ಗದಗ, ಹಾವೇರಿ ಸೀಮೆಯಲ್ಲಿ ಅನೇಕ ಶಾಲೆಗಳು ಊರಿನ ಹಿರಿಯರು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ಜಾಗದಲ್ಲಿ ಎದ್ದಂಥವು. ದಾನಪತ್ರ ನೋಂದಣಿಯಾಗದೆ, ಉತಾರದಲ್ಲಿ ಇಂದಿಗೂ ದಾನಿಯ ಹೆಸರೇ ಉಳಿದಿರುವ ಉದಾಹರಣೆಗಳು ಕಡಿಮೆಯಲ್ಲ. ಶಿಕ್ಷಣ ಇಲಾಖೆಯ ಹೆಸರಿದ್ದರೆ ಪಂಚಾಯಿತಿ ತಾನೊಂದೇ ನಿರ್ಧರಿಸಿ ಮಳಿಗೆ ಕಟ್ಟಲು ಬರುವುದಿಲ್ಲ. ದಾನಿಯ ಹೆಸರೇ ಇದ್ದರೆ, ಅಥವಾ ದಾನಪತ್ರದಲ್ಲಿ ಶಾಲೆಗಾಗಿ ಮಾತ್ರ ಎಂಬ ಷರತ್ತಿದ್ದರೆ, ಅವರ ವಾರಸುದಾರರನ್ನು ಎಲ್ಲರಿಗಿಂತ ಮೊದಲು ಕೂಡಿಸಿಕೊಂಡು ಮಾತನಾಡಿರಿ. ಇಲ್ಲವಾದರೆ ಮುಂದೆ ಯಾವ ಕಟ್ಟಡ ಎದ್ದರೂ ತಕರಾರು ತಪ್ಪುವುದಿಲ್ಲ. ಕಾಗದಪತ್ರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿರಿ. ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಲಿ. ಉತ್ತರಕ್ಕೆ 30 ದಿನಗಳ ಗಡುವಿದೆ.

ಇನ್ನೊಂದು ಮಾತನ್ನು ನೀವು ಕೇಳಿಲ್ಲ, ಆದರೆ ಹೇಳದೆ ಇರಲಾರೆ. ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳ ಪ್ರಕಾರ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ 1 ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ನಿಮ್ಮೂರಿನ ಎಳೆಯ ಮಕ್ಕಳು ಅದಕ್ಕಿಂತ ದೂರ ನಡೆಯುತ್ತಿದ್ದರೆ, ಅಥವಾ ದೂರದ ಕಾರಣಕ್ಕೇ ಶಾಲೆ ತಪ್ಪಿಸುತ್ತಿದ್ದರೆ, ಆ ಜಾಗದಲ್ಲಿ ಮತ್ತೇನು ಕಟ್ಟಬೇಕೆಂದು ಚರ್ಚಿಸುವ ಮೊದಲು ಶಾಲೆಯನ್ನೇ ಪುನಃ ತೆರೆಯುವಂತೆ ಪಾಲಕರು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತವಾಗಿ ಕೇಳಬೇಕು.

ಅದು ಆಗದ ಮಾತೆಂದಾದರೆ ವಿಷಯವನ್ನು ವಾರ್ಡ್ ಸಭೆಗೂ ಗ್ರಾಮ ಸಭೆಗೂ ತನ್ನಿರಿ. 1993ರ ಪಂಚಾಯತ್ ರಾಜ್ ಕಾಯ್ದೆಯಡಿ ಊರಿನವರು ಮಾತನಾಡಲು ಇರುವ ಜಾಗಗಳು ಅವೇ. ಗೋವಿನಜೋಳದ ರಾಶಿಯ ದಿನಗಳಲ್ಲಿ ಹಗಲು ಹನ್ನೊಂದಕ್ಕೆ ಸಭೆ ಕರೆದರೆ ಬರುವವರು ಕಟ್ಟೆಯ ಮೇಲೆ ಕೂರುವ ನಾಲ್ಕು ಜನ ಗಂಡಸರು ಮಾತ್ರ. ಹೊಲದಿಂದ ಹೆಣ್ಣುಮಕ್ಕಳು ಮರಳಿ, ಅಡುಗೆ ಮುಗಿಸಿದ ಮೇಲಿನ ಹೊತ್ತನ್ನು ಆರಿಸಿರಿ. ಸಭೆಗೆ ಮುಂಚೆ ಒಮ್ಮೆ ಬೀಗ ತೆಗೆಸಿ ಎಲ್ಲರೂ ಒಳಗೆ ಹೋಗಿ ನೋಡುವುದು ಅಗತ್ಯ: ಹೆಂಚು ಜಾರಿದೆಯೇ, ಜಂತಿಗೆ ಗೆದ್ದಲು ಹಿಡಿದಿದೆಯೇ, ಬಿಸಿಯೂಟದ ಕೋಣೆಯ ಒಲೆಕಟ್ಟೆ, ನೀರಿನ ಟಾಕಿ ಗಟ್ಟಿಯಾಗಿವೆಯೇ ಎಂಬುದು ಕಣ್ಣಿಗೆ ಬಿದ್ದ ಮೇಲೆ ಜನರ ಬೇಡಿಕೆಗಳು ತಾವಾಗಿ ಸ್ಪಷ್ಟವಾಗುತ್ತವೆ. ಆ ಅಡುಗೆ ಕೋಣೆ ಸ್ವಸಹಾಯ ಸಂಘದವರ ರೊಟ್ಟಿ ತಯಾರಿಕೆಗೆ, ತರಗತಿ ಕೋಣೆಗಳು ಅರಿವು ಕೇಂದ್ರಕ್ಕೆ (ಪಂಚಾಯಿತಿಯ ಗ್ರಂಥಾಲಯಕ್ಕೆ) ಅಥವಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಕೂಸಿನ ಮನೆಗೆ ಹೊಂದಬಹುದು. ಕಟ್ಟಡ ಎಷ್ಟು ಗಟ್ಟಿಯಿದೆ ಎಂಬುದನ್ನು ಎಂಜಿನಿಯರರ ಲಿಖಿತ ವರದಿಯೇ ಹೇಳಲಿ; ಶಿಥಿಲವೆಂದು ಬಾಯಲ್ಲಿ ಹೇಳಿ ಕೆಡವಲು ಅವಕಾಶ ಕೊಡಬೇಡಿರಿ.

ಮಳಿಗೆಯನ್ನು ಪೂರ್ತಿ ವಿರೋಧಿಸಬೇಕೆಂದು ನಾನು ಹೇಳಲಾರೆ. ರಸ್ತೆ ಬದಿಗೆ ಎರಡು ಅಂಗಡಿ ಇದ್ದು, ಅವುಗಳ ಬಾಡಿಗೆ ಆ ಆವರಣದ ವಿದ್ಯುತ್ ಬಿಲ್ಲಿಗೂ ದುರಸ್ತಿಗೂ ಮಾತ್ರ ಸಲ್ಲಬೇಕೆಂದು ಸಭೆಯ ಠರಾವಿನಲ್ಲೇ (ನಿರ್ಣಯದಲ್ಲೇ) ಬರೆಸಿದರೆ, ಉದ್ಘಾಟನೆಯ ನಂತರ ಮತ್ತೆ ಬೀಗ ಬೀಳುವ ಭಯ ಕಡಿಮೆಯಾಗುತ್ತದೆ. ಆದರೆ ಮಕ್ಕಳು ಆಡುವ ಬಯಲನ್ನು ಮಾತ್ರ ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿರಿ. ಠರಾವು ಓದಿ ಹೇಳಿದ ಮೇಲೆಯೇ ಸಹಿ ಮಾಡಿರಿ, ನಡಾವಳಿಯ ದೃಢೀಕೃತ ಪ್ರತಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಂದ ಪಡೆದುಕೊಳ್ಳಿರಿ.