38 ಸೆಕೆಂಡಿನ ಬೆಟ್ಟದ ಓಟಕ್ಕೆ ಎಂಥ ಟೈರು ಕೊಳ್ಳಬೇಕು?

ನೀವು ಕೇಳಿರುವುದು ಇಷ್ಟು: ಬರ್ಮಿಂಗ್‌ಹ್ಯಾಮ್‌ಗೆ ಬಂದು ನೆಲೆಸಿದ್ದೀರಿ, ಎರಡನೇ ತಲೆಮಾರಿನ ಮಜ್ದಾ ಎಂಎಕ್ಸ್-5 ಕೊಂಡಿದ್ದೀರಿ, ಬರುವ ಏಪ್ರಿಲ್‌ನಿಂದ ಶೆಲ್ಸ್ಲಿ ವಾಲ್ಶ್ ಮತ್ತು ಪ್ರೆಸ್ಕಾಟ್ ಬೆಟ್ಟಗಳಲ್ಲೂ ಒಂದೆರಡು ಸ್ಪ್ರಿಂಟ್‌ಗಳಲ್ಲೂ ಓಡಿಸಬೇಕೆಂದಿದ್ದೀರಿ. ಎರಡರಲ್ಲೂ ಕಾರುಗಳು ಒಂದೊಂದಾಗಿ ಹೊರಟು ಗಡಿಯಾರದ ವಿರುದ್ಧ ಓಡುತ್ತವೆ: ಬೆಟ್ಟದಲ್ಲಿ ಏರುರಸ್ತೆಯ ಮೇಲೆ, ಸ್ಪ್ರಿಂಟ್‌ನಲ್ಲಿ ಸಮನೆಲದ ಮೇಲೆ. ಅದೇ ಕಾರಿನಲ್ಲಿ ಸೋಮವಾರ ಕೆಲಸಕ್ಕೂ ಹೋಗಬೇಕು. ಟ್ರ್ಯಾಕ್‌ನಲ್ಲಿ ಓಡಿಸುವ ಗೆಳೆಯರು, ಸ್ಲಿಕ್‌ಗೆ, ಅಂದರೆ ಗೆರೆಗಳೇ ಇಲ್ಲದ ರೇಸ್ ಟೈರಿಗೆ, ತೀರ ಹತ್ತಿರವಾದ ಟೈರನ್ನೇ ಹಾಕಿಸಿ ಎನ್ನುತ್ತಿದ್ದಾರೆ. ಅದು ಸರಿಯೇ?

ಸರಿಯಲ್ಲ. ಅವರು ತಮ್ಮ ಅನುಭವವನ್ನೇ ಹೇಳುತ್ತಿದ್ದಾರೆ, ಆದರೆ ಅವರ ಆಟ ಬೇರೆ. ಟ್ರ್ಯಾಕ್‌ನಲ್ಲಿ ಕಾರು ಮೊದಲ ಒಂದೆರಡು ಸುತ್ತು ಟೈರನ್ನು ಬಿಸಿ ಮಾಡಿಕೊಂಡು, ಆಮೇಲೆ ಇಪ್ಪತ್ತು ನಿಮಿಷ ಆ ಬಿಸಿಯಲ್ಲೇ ಓಡುತ್ತದೆ. ಶೆಲ್ಸ್ಲಿ ಬುಡದಿಂದ ತುದಿಗೆ 1000 ಗಜ, ಅಂದರೆ 914 ಮೀಟರ್. ಪ್ರೆಸ್ಕಾಟ್ 1127 ಗಜ. ನಿಮ್ಮದೇ ತಲೆಮಾರಿನ ನನ್ನ ಎಂಎಕ್ಸ್-5 ಒಣ ದಿನದಲ್ಲಿ ಶೆಲ್ಸ್ಲಿಯನ್ನು ಸುಮಾರು 38 ಸೆಕೆಂಡಿನಲ್ಲಿ ಹತ್ತುತ್ತದೆ. ದಿನಕ್ಕೆ ಸಾಮಾನ್ಯವಾಗಿ ಅಭ್ಯಾಸದ ಓಟ ಎರಡು, ಲೆಕ್ಕಕ್ಕೆ ಹಿಡಿಯುವ ಓಟ ಎರಡು. ನಾಲ್ಕೂ ಸೇರಿದರೆ ಮೂರು ನಿಮಿಷವೂ ಆಗುವುದಿಲ್ಲ. ಒಂದು ಓಟಕ್ಕೂ ಮುಂದಿನದಕ್ಕೂ ನಡುವೆ ಗಂಟೆಗಟ್ಟಲೆ ಕಾರು ಪ್ಯಾಡಾಕ್‌ನಲ್ಲಿ, ಅಂದರೆ ಸ್ಪರ್ಧಿಗಳು ಕಾರು ನಿಲ್ಲಿಸುವ ಜಾಗದಲ್ಲಿ, ನಿಂತಿರುತ್ತದೆ. ನಿಮ್ಮ ಸರದಿ ಬರುವ ಹೊತ್ತಿಗೆ ಟೈರು ಸುತ್ತಲಿನ ಹವೆಯಷ್ಟೇ ತಣ್ಣಗಿರುತ್ತದೆ. ಹಾಗಾಗಿ ತಣ್ಣಗಿರುವಾಗಲೇ ನೆಲ ಕಚ್ಚುವ ಟೈರು ನಿಮಗೆ ಬೇಕು. ಉಳಿದದ್ದೆಲ್ಲ ಇದರ ಹಿಂದೆ ಬರುವ ಮಾತು.

ಡಾಂಬರಿನೊಳಗಿನ ಜಲ್ಲಿಯ ಸಣ್ಣ ಸಣ್ಣ ಉಬ್ಬುತಗ್ಗುಗಳಿಗೆ ರಬ್ಬರು ತನ್ನನ್ನು ಒಗ್ಗಿಸಿಕೊಂಡಾಗ ಹಿಡಿತ ಹುಟ್ಟುತ್ತದೆ. ಫ್ರಿಜ್‌ನಿಂದ ಆಗಷ್ಟೇ ತೆಗೆದ ಚಪಾತಿ ಹಿಟ್ಟನ್ನು ಲಟ್ಟಿಸಲು ಹೋಗಿ ನೋಡಿ, ಅದು ಮಣಿಯುವುದಿಲ್ಲ. ಟ್ರ್ಯಾಕ್‌ಗೆಂದು ಮಾಡಿದ ಟೈರಿನ ರಬ್ಬರನ್ನು ಹೆಚ್ಚಿನ ಶಾಖದಲ್ಲಿ ಕೆಲಸ ಮಾಡಲೆಂದೇ ಬೆರೆಸಿರುತ್ತಾರೆ. ಆ ಶಾಖ ಬರುವವರೆಗೆ ಅದು ಹಿಡಿಯಲೊಲ್ಲದು. ಬರುವ ಹೊತ್ತಿಗೆ ನೀವು ಬೆಟ್ಟದ ತುದಿಯಲ್ಲಿರುತ್ತೀರಿ.

ಇದು ಮೊದಲು ಕಾಣುವುದು ಹೊರಡುವ ಗೆರೆಯಲ್ಲಿ. ಅಲ್ಲಿ ಇಳಿಜಾರಿನಲ್ಲಿ ಕಾರು ಹಿಂದೆ ಜಾರದಂತೆ ಹಿಂದಿನ ಗಾಲಿಗೆ ಮರದ ತುಂಡೊಂದನ್ನು ಅಡ್ಡ ಕೊಡುತ್ತಾರೆ. ಹಸಿರು ದೀಪ ಬಂದ ಮೇಲೆ ನಿಮಗೆ ಬೇಕಾದಾಗ ಹೊರಡಬಹುದು, ಕಾರು ಬೆಳಕಿನ ಕಿರಣವನ್ನು ದಾಟಿದಾಗಲೇ ಗಡಿಯಾರ ಶುರುವಾಗುತ್ತದೆ. ಮೊದಲ 64 ಅಡಿಯ ಸಮಯವನ್ನು ಬೇರೆಯಾಗಿಯೇ ಅಳೆಯುತ್ತಾರೆ. ಫಲಿತಾಂಶದ ಹಾಳೆಯಲ್ಲಿ ನಾನು ಮೊದಲು ನೋಡುವುದು ಆ ಅಂಕಿಯನ್ನೇ. ತಿರುವಿನಲ್ಲಿ ಕಳೆದುಕೊಂಡ ಹೊತ್ತಿಗೆ ಚಾಲಕನ ಕೈಯೂ ಕಾರಣವಿರಬಹುದು, ಆದರೆ 64 ಅಡಿಯಲ್ಲಿ ಕ್ಲಚ್ ಬಿಡುವ ಕಾಲು ಮತ್ತು ಟೈರು, ಎರಡೇ. ನನ್ನ ಎರಡನೇ ವರ್ಷದಲ್ಲಿ ಆ ಅಂಕಿ ಮೊದಲ ವರ್ಷಕ್ಕಿಂತ ಕೆಟ್ಟದಾಯಿತು. ಕಾರಣ ನಿಮ್ಮ ಗೆಳೆಯರು ಹೇಳಿದಂಥದೇ ಟೈರು.

ಅದನ್ನು ಹೇಳಲೇಬೇಕು. ಸರ್ಕ್ಯೂಟ್‌ನಲ್ಲಿ ಓಡಿಸುವ ಒಬ್ಬರಿಂದ, ಅರ್ಧ ಸವೆದ ಟ್ರ್ಯಾಕ್ ಟೈರುಗಳ ಜೊತೆಯನ್ನು ಅರ್ಧಕ್ಕಿಂತ ಕಡಿಮೆ ಬೆಲೆಗೆ ಕೊಂಡಿದ್ದೆ. ಏಪ್ರಿಲ್‌ನ ಬೆಳಗ್ಗೆ ಪ್ರೆಸ್ಕಾಟ್‌ನಲ್ಲಿ ಆರು ಡಿಗ್ರಿ ಚಳಿ. ಎಟೋರೆ ತಿರುವಿನಲ್ಲಿ ನಾನು ಹೆಚ್ಚಿನದೇನನ್ನೂ ಮಾಡಲಿಲ್ಲ, ಹಿಂದಿನ ವರ್ಷ ಸಾಮಾನ್ಯ ಟೈರಿನಲ್ಲಿ ಹೋದಷ್ಟೇ ವೇಗದಲ್ಲಿ ಹೋದೆ. ಹಿಂಭಾಗ ಯಾವ ಮುನ್ಸೂಚನೆಯನ್ನೂ ಕೊಡದೆ ಕಳಚಿಕೊಂಡು ಹೋಯಿತು, ಕಾರು ಹುಲ್ಲಿನ ಮೇಲೆ ಹಿಮ್ಮುಖವಾಗಿ ನಿಂತಿತು. ತಡೆಗೋಡೆಗೆ ತಗಲಲಿಲ್ಲ. ಬೆಟ್ಟದ ರಸ್ತೆ ಕಿರಿದು, ಸರ್ಕ್ಯೂಟ್‌ನಲ್ಲಿರುವಂಥ ಅಗಲವಾದ ಜಲ್ಲಿಯ ಬಯಲು ಇಲ್ಲಿಲ್ಲ, ಮರಗಳೂ ಮಣ್ಣಿನ ದಿಬ್ಬಗಳೂ ಪಕ್ಕದಲ್ಲೇ ಇರುತ್ತವೆ. ಆ ದಿನ ಮನೆಗೆ ಹೋಗಿ ಟೈರಿನ ಬದಿಯ ಬರಹವನ್ನು ಮೊದಲ ಬಾರಿಗೆ ಸರಿಯಾಗಿ ಓದಿದೆ.

ಆ ಬರಹದಲ್ಲಿ ಎರಡು ವಿಷಯ ನೋಡಿ. ‘ಡಿಒಟಿ’ ಎಂದು ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳು ಟೈರು ತಯಾರಾದ ವಾರ ಮತ್ತು ವರ್ಷ: 2319 ಎಂದಿದ್ದರೆ 2019ರ 23ನೇ ವಾರ. ಪದೇಪದೇ ಕಾದು ಆರಿದ ರಬ್ಬರು, ಟೈರಿನ ಮೈಮೇಲಿನ ಗೆರೆ (ಟ್ರೆಡ್) ಎಷ್ಟೇ ಉಳಿದಿದ್ದರೂ, ಗಟ್ಟಿಯಾಗಿರುತ್ತದೆ. ನಾನು ಕೊಂಡದ್ದು ಅಂಥದ್ದು. ಬಳಸಿದ ಮೃದು ಟೈರನ್ನು ದಯವಿಟ್ಟು ಕೊಳ್ಳಬೇಡಿ. ಇನ್ನೊಂದು ‘ಟ್ರೆಡ್‌ವೇರ್’ ಅಂಕಿ. ಇದು ಅಮೆರಿಕದ ಪದ್ಧತಿ: ಅಂಕಿ ಕಡಿಮೆಯಿದ್ದಷ್ಟೂ ಬೇಗ ಸವೆಯುತ್ತದೆ, ಬಹುಮಟ್ಟಿಗೆ ಅಷ್ಟು ಮೃದು. ಆದರೆ ಅಂಕಿಯನ್ನು ನಿಗದಿ ಮಾಡುವವರು ತಯಾರಕರೇ, ಹಾಗಾಗಿ ಒಂದು ಕಂಪನಿಯ 200ನ್ನು ಇನ್ನೊಂದರ 200ಕ್ಕೆ ಹೋಲಿಸಿದರೆ ಮೋಸ ಹೋಗುತ್ತೀರಿ. ಎಲ್ಲಕ್ಕಿಂತ ಮುಖ್ಯವಾಗಿ, ಆ ಅಂಕಿ ಸವೆತವನ್ನು ಹೇಳುತ್ತದೆ, ಎಷ್ಟು ಬೇಗ ಕೆಲಸಕ್ಕೆ ಬರುತ್ತದೆ ಎಂಬುದನ್ನು ಹೇಳುವುದಿಲ್ಲ. 100ರ ಟೈರು ಚಳಿಯಲ್ಲಿ 200ರ ಟೈರಿಗಿಂತ ಹಿಂದೆ ಬೀಳುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ಹೆಸರು ಹೇಳಿ ಎಂದಿದ್ದೀರಿ. ಟೋಯೊ ಆರ್888ಆರ್ ಬಿಸಿ ಬೇಡುವ ಟೈರು, ಬೇಸಿಗೆಯ ಸ್ಪ್ರಿಂಟ್‌ಗೆ ಚೆನ್ನ, ಏಪ್ರಿಲ್‌ನ ಬೆಟ್ಟಕ್ಕೆ ನಾನು ಹಾಕುವುದಿಲ್ಲ. ಅದೇ ಕಂಪನಿಯ ಆರ್1ಆರ್ ತಣ್ಣಗಿರುವಾಗಲೂ ಒದ್ದೆಯಲ್ಲೂ ಹಿಡಿಯುತ್ತದೆ, ಅದನ್ನು ಮೂರು ವರ್ಷ ಪ್ರೀತಿಯಿಂದ ಬಳಸಿದ್ದೇನೆ. ಯೊಕೊಹಾಮಾ ಎ052 ಬಲು ಬೇಗ ಎಚ್ಚರಗೊಳ್ಳುತ್ತದೆ, ಅಷ್ಟೇ ಬೇಗ ಸವೆಯುತ್ತದೆ, ದುಬಾರಿಯೂ ಹೌದು. ಅದರಲ್ಲಿ ದಿನಾ ಕೆಲಸಕ್ಕೆ ಹೋಗುವುದು ದುಡ್ಡನ್ನು ರಸ್ತೆಗೆ ತೇಯ್ದಂತೆ. ನಾನ್‌ಕಾಂಗ್ ಎನ್‌ಎಸ್-2ಆರ್ ಕೈಗೆಟಕುವ ಬೆಲೆಯದು, ಆದರೆ ಒಂದೇ ಹೆಸರಿನಲ್ಲಿ 120 ಮತ್ತು 180 ಎಂಬ ಎರಡು ಬಗೆ ಬರುತ್ತವೆ. ಅಂಗಡಿಯವರಿಗೆ ನಿಮಗೆ ಬೇಕಾದದ್ದನ್ನು ಬಿಡಿಸಿ ಹೇಳಿ. ನಿಮ್ಮ ಮೊದಲ ವರ್ಷಕ್ಕೆ ನನ್ನ ಆಯ್ಕೆ 180ರಿಂದ 200ರ ನಡುವಿನ, ಮಳೆಯಲ್ಲೂ ನಂಬಬಹುದಾದ ಹೊಸ ಟೈರು, ನಾಲ್ಕೂ ಗಾಲಿಗೆ ಒಂದೇ ಬಗೆಯದು. ಇಂಥ ಟೈರು ಜಾರುವ ಮೊದಲು ಸ್ಟಿಯರಿಂಗ್‌ನಲ್ಲಿ ಹೇಳುತ್ತದೆ. ಬೆಟ್ಟ ಕಲಿಯುವವರಿಗೆ ಆ ಹೇಳುವ ಗುಣ ಅರ್ಧ ಸೆಕೆಂಡಿಗಿಂತ ದೊಡ್ಡದು.

ಕೊಳ್ಳುವ ಮೊದಲು ನಿಯಮ. ಬ್ರಿಟನ್ನಿನ ಮೋಟಾರು ಕ್ರೀಡೆಯ ಆಡಳಿತ ಸಂಸ್ಥೆಯಾದ ಮೋಟಾರ್‌ಸ್ಪೋರ್ಟ್ ಯುಕೆ ತನ್ನ ನಿಯಮ ಪುಸ್ತಕದಲ್ಲಿ ರಸ್ತೆ ಟೈರುಗಳನ್ನು 1ಎ, 1ಬಿ ಎಂಬಂಥ ಪಟ್ಟಿಗಳಲ್ಲಿ ಹೆಸರಿಸಿ ಕೊಡುತ್ತದೆ. 1ಎ ದಿನಬಳಕೆಗೆ ಹತ್ತಿರ, 1ಬಿ ಸ್ಪರ್ಧೆಗೆ ಹತ್ತಿರ. ನೀವು ಸೇರುವ ವರ್ಗದಲ್ಲಿ ಯಾವ ಪಟ್ಟಿಗೆ ಅನುಮತಿಯಿದೆ ಎಂಬುದು ಆಯಾ ಸ್ಪರ್ಧೆಯ ನಿಯಮಗಳಲ್ಲಿರುತ್ತದೆ. ಪಟ್ಟಿಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಮಾರುವವರ ಬಾಯಿಮಾತನ್ನಾಗಲಿ ನನ್ನ ಈ ಉತ್ತರವನ್ನಾಗಲಿ ನಂಬಿ ಹಣ ಕೊಡದೆ ಈ ವರ್ಷದ ಪಟ್ಟಿಯನ್ನೇ ತೆರೆದು ನೋಡಿ. ರಸ್ತೆಯ ಕಾನೂನು ಬೇರೆ ಇದೆ: ಟೈರಿನ ಅಗಲದ ನಡುವಿನ ಮುಕ್ಕಾಲು ಭಾಗದಲ್ಲಿ, ಸುತ್ತಲೂ, ಗೆರೆ ಕನಿಷ್ಠ 1.6 ಮಿಲಿಮೀಟರ್ ಆಳ ಇರಬೇಕು. ತಪ್ಪಿದರೆ ಪ್ರತಿ ಟೈರಿಗೆ 2500 ಪೌಂಡ್‌ವರೆಗೆ ದಂಡ, ಲೈಸೆನ್ಸಿನ ಮೇಲೆ ಮೂರು ಅಂಕ. ಮೃದು ಟೈರು ಒಂದೇ ವಾರಾಂತ್ಯದಲ್ಲಿ ಭುಜದ (ನೆಲ ಮುಟ್ಟುವ ಮೈ ಬದಿಗೆ ತಿರುಗುವ ಅಂಚಿನ) ಹತ್ತಿರ ಎಷ್ಟು ಸವೆಯಬಲ್ಲದೆಂದು ತಿಳಿದರೆ, ಭಾನುವಾರ ಸಂಜೆ ಮನೆಗೆ ಹೊರಡುವ ಮುನ್ನ ಬಗ್ಗಿ ನೋಡುವ ಅಭ್ಯಾಸ ತಾನಾಗಿ ಬರುತ್ತದೆ.

ಇನ್ನು ಮಳೆ. ನನ್ನೂರು ತೀರ್ಥಹಳ್ಳಿ ಕಡೆ. ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬ ಗಾದೆಯ ಅರ್ಥ ಆಗುಂಬೆ ಘಾಟಿಯಲ್ಲಿ ಗಾಡಿ ಓಡಿಸಿದವರಿಗೆ ಗೊತ್ತು. ಅದೇ ಗಾದೆ ಶೆಲ್ಸ್ಲಿಗೂ ಸಲ್ಲುತ್ತದೆ. ಕೆಳಗಡೆ ರಸ್ತೆ ಒಣಗಿ ಬೆಳ್ಳಗಾಗಿರುತ್ತದೆ, ಮರಗಳ ನೆರಳಿರುವಲ್ಲಿ ಮಾತ್ರ ತೇವ ಉಳಿದಿರುತ್ತದೆ, ಆ ಭಾಗಕ್ಕೆ ಬರುವಾಗ ನೀವು ಪೂರ್ತಿ ವೇಗದಲ್ಲಿರುತ್ತೀರಿ. ಆ ಬೆಟ್ಟದಲ್ಲಿ 1905ರಿಂದ ಸ್ಪರ್ಧೆ ನಡೆಯುತ್ತಿದೆ, ಈ ಪಾಠವೂ ಅಷ್ಟೇ ಹಳೆಯದು. 1930ರಲ್ಲಿ ಜರ್ಮನಿಯ ಚಾಲಕ ಹಾನ್ಸ್ ಸ್ಟುಕ್ ಆಸ್ಟ್ರೋ-ಡೈಮ್ಲರ್ ಕಾರಿನಲ್ಲಿ 42.8 ಸೆಕೆಂಡಿನ ದಾಖಲೆ ಮಾಡಿದರು. 1936ರಲ್ಲಿ ಅವರೇ ಹದಿನಾರು ಸಿಲಿಂಡರಿನ ಆಟೋ ಯೂನಿಯನ್ ತಂದರು. ಆ ದಿನ ಮಳೆ. ಅಷ್ಟೊಂದು ಶಕ್ತಿಯಿದ್ದೂ ಆರು ವರ್ಷ ಹಿಂದಿನ ತಮ್ಮದೇ ಸಮಯವನ್ನು ಮುಟ್ಟಲಾಗಲಿಲ್ಲ. ಇಂಗ್ಲೆಂಡಿನ ಚಾಲಕ ರೇಮಂಡ್ ಮೇಸ್ ಹಿಡಿತ ಹೆಚ್ಚಲೆಂದು ಹಿಂದಿನ ಗಾಲಿಗಳನ್ನು ಎರಡೆರಡು ಜೋಡಿಸಿಕೊಂಡು ಬೆಟ್ಟ ಹತ್ತುತ್ತಿದ್ದ ಕಾಲ ಅದು. ಇಂದು ಸಾಧಾರಣ ಎಂಎಕ್ಸ್-5 ಆ 42.8ಕ್ಕಿಂತ ಬೇಗ ಮೇಲೆ ಮುಟ್ಟುತ್ತದೆಂದರೆ ಅದರಲ್ಲಿ ದೊಡ್ಡ ಪಾಲು ರಬ್ಬರು ಬೆರೆಸುವವರದು. ಆ ಕೆಲಸದ ಬಗ್ಗೆ ನನಗೆ ಅಪಾರ ಗೌರವ.

ಗಾಳಿಯ ಒತ್ತಡಕ್ಕೆ ಟೈರಿನಷ್ಟೇ ಗಮನ ಕೊಡಿ, ಇದಕ್ಕೆ ದುಡ್ಡೂ ಬೇಕಿಲ್ಲ. ಎಂಎಕ್ಸ್-5ಗೆ ಮಜ್ದಾ ಹೇಳುವುದು 26 ಪಿಎಸ್‌ಐ. ಟ್ರ್ಯಾಕ್‌ನವರು ತಣ್ಣಗಿರುವಾಗ ತುಂಬ ಕಡಿಮೆ ಇಟ್ಟುಕೊಳ್ಳುತ್ತಾರೆ, ಏಕೆಂದರೆ ಓಡಿದಂತೆ ಟೈರು ಕಾದು ಒತ್ತಡ ಏರುತ್ತದೆ: ಸುಮಾರು ಐದೂವರೆ ಡಿಗ್ರಿ ಸೆಲ್ಸಿಯಸ್‌ಗೆ ಒಂದು ಪಿಎಸ್‌ಐ. ನಮಗೆ ಆ ಏರಿಕೆ ಸಿಗುವುದೇ ಇಲ್ಲ. ಹಾಗಾಗಿ ಹೊರಡುವಾಗ ಇರುವ ಒತ್ತಡವೇ ತುದಿ ಮುಟ್ಟುವಾಗಲೂ ಹೆಚ್ಚುಕಡಿಮೆ ಇರುತ್ತದೆ. 26ರಿಂದಲೇ ಆರಂಭಿಸಿ. ಟೈರಿನ ಭುಜಕ್ಕೆ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆದು ಒಂದು ಓಟ ಮುಗಿಸಿ ಬನ್ನಿ. ಸುಣ್ಣ ಬದಿಯವರೆಗೂ ಅಳಿಸಿಹೋಗಿದ್ದರೆ ಟೈರು ಮಗುಚುತ್ತಿದೆ, ಗಾಳಿ ಹೆಚ್ಚಿಸಿ. ಭುಜದ ಮೇಲಿನ ಸುಣ್ಣದ ಗೆರೆ ಹಾಗೇ ಉಳಿದಿದ್ದರೆ ಒಂದೊಂದೇ ಪಿಎಸ್‌ಐ ಇಳಿಸಿ. ಬಿಸಿಲು ಕಾರಿನ ಒಂದೇ ಬದಿಗೆ ಬೀಳುವಂತೆ ನಿಲ್ಲಿಸಿದರೆ ಆ ಬದಿಯ ಟೈರುಗಳ ಒತ್ತಡ ಬೇರೆಯಾಗುತ್ತದೆ, ಆದ್ದರಿಂದ ಪ್ರತಿ ಓಟಕ್ಕೂ ಮುಂಚೆ ಅಳೆಯಬೇಕು.

ಸ್ಪ್ರಿಂಟ್‌ನಲ್ಲಿ ಲೆಕ್ಕ ಸ್ವಲ್ಪ ಬದಲು. ಕರ್ಬರೊದಂಥ ಚಿಕ್ಕ ಜಾಗ ಬೆಟ್ಟದ ಹಾಗೆಯೇ. ಗುಡ್‌ವುಡ್‌ನಂಥ 3.8 ಕಿಲೋಮೀಟರ್ ಸರ್ಕ್ಯೂಟ್‌ನಲ್ಲಿ ಮಾತ್ರ ಟೈರು ನಿಜವಾಗಿ ಬಿಸಿಯಾಗುತ್ತದೆ, ಅಲ್ಲಿ ಬಿಸಿ ಬೇಡುವ ಟೈರಿಗೂ ಅವಕಾಶವಿದೆ. ಒಂದೇ ಕಾರನ್ನು ಇಬ್ಬರು ಹಂಚಿಕೊಂಡು ಓಡಿಸುವುದೂ ಇಲ್ಲಿ ಸಾಮಾನ್ಯ. ಎರಡನೆಯವರಿಗೆ ಬೆಚ್ಚಗಿನ ಟೈರು ಸಿಗುತ್ತದೆ, ಅವರ ಸಮಯವನ್ನು ನೋಡಿ ನಿಮ್ಮದನ್ನು ಅಳೆದುಕೊಳ್ಳಬೇಡಿ.

ಚಳಿಗಾಲದಲ್ಲಿ ಈ ಟೈರುಗಳನ್ನು ಬಿಚ್ಚಿ ಮನೆಯೊಳಗೆ ಕತ್ತಲಲ್ಲಿ ಇಡಿ. ಕೊರೆಯುವ ಶೆಡ್ಡಿನಲ್ಲಿಟ್ಟರೆ ಮೃದು ರಬ್ಬರು ಬಿರುಕು ಬಿಡಬಹುದು. ನಿಮ್ಮ ಗಾಲಿಗಳು 15 ಇಂಚಿನವೋ 16 ಇಂಚಿನವೋ ಬರೆಯಿರಿ. 15 ಆಗಿದ್ದರೆ 195/50 ಅಳತೆಯಲ್ಲಿ ಮೇಲೆ ಹೇಳಿದಂಥ ಟೈರುಗಳು ಹೇರಳವಾಗಿ ಸಿಗುತ್ತವೆ. 16 ಆಗಿದ್ದರೆ, ಟೈರಿಗೆ ಹಣ ಹಾಕುವ ಮೊದಲು ಹಳೆಯ 15 ಇಂಚಿನ ಗಾಲಿಗಳ ಜೊತೆಯೊಂದನ್ನು ಹುಡುಕಿಕೊಳ್ಳಿ ಎನ್ನುತ್ತೇನೆ.