ಜರ್ನಿ ಹೆಸರೆತ್ತಿದರೆ ಮೂಗು ಮುರಿಯೋದು ಯಾಕೆ?

ಪ್ರಶ್ನೆ: ಸರ್, ನನಗೆ ಅಮೆರಿಕದ ಜರ್ನಿ ಬ್ಯಾಂಡ್ ಅಂದ್ರೆ ಪ್ರಾಣ. ಆದರೆ ರಾಕ್ ಕೇಳುವ ಗೆಳೆಯರ ಎದುರು ಹೆಸರೆತ್ತಿದರೆ ಸಾಕು, ಮೂಗು ಮುರಿಯುತ್ತಾರೆ. ಅಷ್ಟು ಜನಪ್ರಿಯವಾಗಿದ್ದ ಬ್ಯಾಂಡ್ ಮೇಲೆ ಇಷ್ಟು ತಾತ್ಸಾರ ಯಾಕೆ? ಅವರ ಮಾತಿನಲ್ಲಿ ನಿಜ ಇದೆಯಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಸ್ವಲ್ಪ ಇದೆ. ಆದರೆ ಅವರು ಹೇಳುವಷ್ಟು ಇಲ್ಲ.

1973ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದಾಗ ಈ ಬ್ಯಾಂಡ್ ಬೇರೆ ಥರಾನೇ ಇತ್ತು. ಗಿಟಾರಿನ ನೀಲ್ ಶಾನ್, ಕೀಬೋರ್ಡಿನ ಗ್ರೆಗ್ ರೋಲಿ ಇಬ್ಬರೂ ಸಂಟಾನಾ ಬ್ಯಾಂಡಿನಿಂದ ಬಂದವರು. ಮೊದಲ ಮೂರು ಆಲ್ಬಮ್‌ಗಳಲ್ಲಿ ಉದ್ದುದ್ದ ವಾದನವೇ ಜಾಸ್ತಿ, ಜೊತೆಗೆ ಜಾಝ್‌ನ ಛಾಯೆ. ಅವು ಅಷ್ಟೇನೂ ಮಾರಾಟವಾಗಲಿಲ್ಲ. ಮುಂದೆ ನಿಂತು ಹಾಡುವವರೊಬ್ಬರು ಬೇಕು ಅಂತ ರೆಕಾರ್ಡ್ ಕಂಪನಿ ಕೊಲಂಬಿಯಾ ಪಟ್ಟು ಹಿಡಿಯಿತು, 1977ರಲ್ಲಿ ಸ್ಟೀವ್ ಪೆರ್ರಿ ಬಂದರು, ಹಾಡುಗಳು ಚಿಕ್ಕದಾದವು, ರೇಡಿಯೋದಲ್ಲಿ ಬರತೊಡಗಿದವು, 1981ರ 'ಎಸ್ಕೇಪ್' ಅಮೆರಿಕದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೇ ಹೋಯಿತು.

ಸಿಟ್ಟಿನ ಬೇರು ಇರೋದು ಇಲ್ಲೇ. ಅದೇ ಹೊತ್ತಿಗೆ ನ್ಯೂಯಾರ್ಕ್, ಲಂಡನ್‌ನಲ್ಲಿ ಪಂಕ್ ಅನ್ನೋ ರಾಕ್ ಶೈಲಿ ಎದ್ದಿತ್ತು. ಒರಟಾಗಿರಲಿ, ಸತ್ಯವಾಗಿರಲಿ ಅನ್ನೋದು ಪಂಕ್‌ನವರ ಹಟ. ವಿಮರ್ಶಕರು ಆ ಕಡೆ ವಾಲಿದರು. ಕಂಪನಿ ಹೇಳಿತು ಅಂತ ದಾರಿ ಬದಲಿಸಿದ, ದೊಡ್ಡ ದೊಡ್ಡ ಕ್ರೀಡಾಂಗಣಗಳಲ್ಲಿ ನುಣ್ಣಗೆ ನುಡಿಸುವ ಬ್ಯಾಂಡ್ ವಿಮರ್ಶಕರ ಕಣ್ಣಿಗೆ ವ್ಯಾಪಾರವಾಗಿ ಕಂಡಿತು. 'ಕಾರ್ಪೊರೇಟ್ ರಾಕ್' ಅನ್ನೋ ಬೈಗುಳ ಅಂಟಿಕೊಂಡಿತು. 1982ರಲ್ಲಿ ಬ್ಯಾಂಡಿನ ಹೆಸರಲ್ಲಿ ಅಟಾರಿ ವಿಡಿಯೋ ಗೇಮ್ ಕೂಡ ಬಂತು, ಬೈಯುವವರಿಗೆ ಇನ್ನೊಂದು ನೆಪ ಸಿಕ್ಕಿತು. ಮರುವರ್ಷದ 'ಸೆಪರೇಟ್ ವೇಸ್' ವಿಡಿಯೋದಲ್ಲಂತೂ ವಾದ್ಯವೇ ಇಲ್ಲದೆ ಗಾಳಿಯಲ್ಲಿ ನುಡಿಸುವಂತೆ ನಟಿಸಿದ್ದಾರೆ. ಅದನ್ನು ಸಮರ್ಥಿಸೋಕೆ ನನ್ನಿಂದ ಆಗಲ್ಲ.

ಹಾಡುಗಳ ಸಾಹಿತ್ಯ ತೀರಾ ಮಸುಕು ಅನ್ನೋ ದೂರಿದೆ, ಅದನ್ನೂ ಒಪ್ಪುತ್ತೇನೆ. ಯಾರ ಕಥೆ, ಯಾವ ಊರು ಅಂತ ಹಿಡಿತಕ್ಕೇ ಸಿಗುವುದಿಲ್ಲ. 'ಡೋಂಟ್ ಸ್ಟಾಪ್ ಬಿಲೀವಿನ್' ಹಾಡಿನಲ್ಲಿ ಸೌತ್ ಡೆಟ್ರಾಯ್ಟ್ ಅಂತ ಬರುತ್ತದೆ, ಆದರೆ ಅಲ್ಲಿನವರು ಯಾವ ಜಾಗವನ್ನೂ ಹಾಗೆ ಕರೆಯುವುದಿಲ್ಲ. ಊರಿನ ನಡುಭಾಗದಿಂದ ದಕ್ಷಿಣಕ್ಕೆ ನದಿ ದಾಟಿದರೆ ಸಿಗೋದು ಕೆನಡಾದ ವಿಂಡ್ಸರ್.

ಆದರೆ ಅದೇ ಹಾಡಿನ ರಚನೆ ನೋಡಿ. ನಮ್ಮ ಸಿನಿಮಾ ಹಾಡು ಪಲ್ಲವಿಯಿಂದಲೇ ಶುರುವಾಗುತ್ತೆ, ಅಲ್ವಾ? ಇಲ್ಲಿ ಎಲ್ಲರೂ ಕೂಗಿ ಹಾಡುವ ಆ ಸಾಲು ಬರೋದು ಮೂರು ನಿಮಿಷ ದಾಟಿದ ಮೇಲೆ, ಹಾಡಿರೋದೇ ನಾಲ್ಕು ನಿಮಿಷ ಚಿಲ್ಲರೆ. ಅಲ್ಲಿವರೆಗೂ ರೋಲಿ ಬಿಟ್ಟ ಮೇಲೆ ಬಂದ ಜೊನಾಥನ್ ಕೇನ್ ಅವರ ಪಿಯಾನೋ, ಶಾನ್ ಗಿಟಾರ್, ಪೆರ್ರಿಯ ದನಿ ನಮ್ಮನ್ನು ಕಾಯಿಸುತ್ತವೆ. ಸುಮ್ನೆ ಮಾರಾಟಕ್ಕೆ ಅಂತ ಬರೆಯುವವರು ಹೀಗೆ ಕಾಯಿಸುವ ಧೈರ್ಯ ಮಾಡಲ್ಲ. ಪೆರ್ರಿ ಮೇಲೆ ಅಮೆರಿಕದ ಸೋಲ್ ಗಾಯಕ ಸ್ಯಾಮ್ ಕುಕ್ ಅವರ ಪ್ರಭಾವ ದೊಡ್ಡದು, ಎತ್ತರದ ಸ್ವರದಲ್ಲೂ ಆ ಗಂಟಲಲ್ಲಿ ನೋವು ಕೇಳಿಸುತ್ತದೆ. ಅದು ನಕಲಿ ಅಂತ ಯಾರೇ ಹೇಳಲಿ, ನಾನು ಒಪ್ಪಲ್ಲ.

ಇನ್ನು ಡ್ರಮ್ಸ್‌ನ ಸ್ಟೀವ್ ಸ್ಮಿತ್. ಇವರು ಮೂಲತಃ ಜಾಝ್ ವಾದಕರು. ಆಮೇಲೆ ನಮ್ಮ ಕರ್ನಾಟಕ ಸಂಗೀತದ ಕೊನ್ನಕೋಲ್ ಕಲಿತು ವೇದಿಕೆ ಮೇಲೆ ಬಾಯಲ್ಲೇ ಜತಿ ಹೇಳುತ್ತಾರೆ, ಉಸ್ತಾದ್ ಜಾಕಿರ್ ಹುಸೇನ್ ಜೊತೆಗೂ ನುಡಿಸಿದ್ದಾರೆ. ವಾದ್ಯ ಬಲ್ಲವರೇ ಇಲ್ಲದ ಬ್ಯಾಂಡ್ ಅನ್ನುವವರಿಗೆ ಇದನ್ನು ಹೇಳಿ.

ಈಗಿನ ಕಿರಿಕಿರಿಗೆ ಕಾರಣ ಬೇರೆ. 2007ರಲ್ಲಿ 'ದಿ ಸೊಪ್ರಾನೋಸ್' ಧಾರಾವಾಹಿಯ ಕೊನೆಯ ದೃಶ್ಯಕ್ಕೆ 'ಡೋಂಟ್ ಸ್ಟಾಪ್ ಬಿಲೀವಿನ್' ಹಾಕಿದರು, 2009ರಲ್ಲಿ 'ಗ್ಲೀ' ಧಾರಾವಾಹಿಯಲ್ಲೂ ಬಂತು, ಆಮೇಲೆ ಮದುವೆ, ಕ್ರೀಡಾಂಗಣ, ಕ್ಯಾರಿಯೋಕೆ ಎಲ್ಲಾ ಕಡೆ ಅದೇ ಹಾಡು. ಎಷ್ಟು ಒಳ್ಳೆಯದಾದರೂ ಕಿವಿ ದಣಿಯುತ್ತದೆ. ಅಭಿಮಾನಿಗಳಲ್ಲೂ ಜಗಳ ಇದೆ: ಬ್ಯಾಂಡ್ ಬಿಟ್ಟು ಹೋದ ಪೆರ್ರಿ ಇಲ್ಲದ ಜರ್ನಿ ಜರ್ನಿಯೇ ಅಲ್ಲ ಅನ್ನೋರು ಒಂದು ಕಡೆ, 2007ರಲ್ಲಿ ಶಾನ್ ಯೂಟ್ಯೂಬ್‌ನಲ್ಲಿ ನೋಡಿ ಕರೆಸಿಕೊಂಡ ಫಿಲಿಪೀನ್ಸ್‌ನ ಗಾಯಕ ಆರ್ನೆಲ್ ಪಿನೇಡಾ ಅವರನ್ನು ಮೆಚ್ಚುವವರು ಇನ್ನೊಂದು ಕಡೆ. 2017ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಿಕ್ಕಾಗ ಪೆರ್ರಿ ಬಂದು ಮಾತಾಡಿದರು, ಹಾಡಿದ್ದು ಪಿನೇಡಾ.

ಗೆಳೆಯರಿಗೆ ಆ ಒಂದು ಹಾಡನ್ನು ಮತ್ತೆ ಕೇಳಿಸಬೇಡಿ. 1975ರ ಮೊದಲ ಆಲ್ಬಮ್ ಹಾಕಿ, ಅದಾದ ಮೇಲೆ 1981ರ ಲೈವ್ ಆಲ್ಬಮ್ 'ಕ್ಯಾಪ್ಚರ್ಡ್' ಹಾಕಿ. ಎರಡನ್ನೂ ಕೇಳಿ ಆದ ಮೇಲೂ ಬೇಡ ಅಂದರೆ ಅದು ಅವರ ರುಚಿ, ಬಿಟ್ಟುಬಿಡಿ.