ಎಟಿಎಂ ಕಾರ್ಡ್ ಅಣ್ಣನ ಬಳಿ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಎರಡು ವರ್ಷಗಳಲ್ಲಿ ಇದೇ ಬಗೆಯ ನಾಲ್ಕನೆಯ ಹುಡುಗಿ ಆಪ್ತಸಮಾಲೋಚನೆಗೆಂದು ನನ್ನೆದುರು ಕುಳಿತದ್ದೇ ಬರೆಯಲು ಕಾರಣ.

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಳಹಳ್ಳಿಯ ಆಕೆಗೆ 21 ವರ್ಷ. ತಂದೆ ಇಲ್ಲ, ತಾಯಿ ಬೀಡಿ ಕಟ್ಟುತ್ತಾರೆ, ಅಣ್ಣ ಪಿಕಪ್ ಓಡಿಸುತ್ತಾನೆ. ಕನ್ನಡ ಮಾಧ್ಯಮದಲ್ಲಿ ಪ್ಲಸ್ ಟು ಮುಗಿಸಿ, ಬಡ ಕುಟುಂಬಗಳ ಯುವಜನರಿಗಾಗಿ ಇರುವ ಉಚಿತ ತರಬೇತಿಯಲ್ಲಿ ರೋಗಿಗಳ ಆರೈಕೆಯ ಕೆಲಸ ಕಲಿತು, ಮಂಗಳೂರಿನಲ್ಲಿ ಉದ್ಯೋಗಕ್ಕೆ ಸೇರಿದ್ದಳು. ನಿದ್ದೆ ಬರುವುದಿಲ್ಲ, ಕೆಲಸ ಬಿಡಬೇಕೆನಿಸುತ್ತದೆ ಎಂಬುದು ಆಕೆಯ ದೂರು. ಮೂರು ಭೇಟಿಗಳವರೆಗೂ ರಾತ್ರಿ ಪಾಳಿಯೇ ಇದಕ್ಕೆ ಕಾರಣವೆಂದು ನಾನು ತಪ್ಪಾಗಿ ತಿಳಿದಿದ್ದೆ.

ನಾಲ್ಕನೆಯ ಭೇಟಿಗೆ ತಾಯಿಯೂ ಬಂದರು, ಮಗಳ ತಲೆ ಕೆಡಿಸುತ್ತಿದ್ದೇನೆಂದು ನನ್ನನ್ನು ಬೈಯುವುದಕ್ಕೇ ಬಂದಂತಿತ್ತು. ತರಬೇತಿಯಲ್ಲಿ ಮಹಿಳಾ ಹಕ್ಕುಗಳ ತರಗತಿ ನಡೆದಿತ್ತಲ್ಲ ಎಂದು ನಾನು ಮಾತು ತೆಗೆದಾಗ ಹುಡುಗಿ ತಲೆಯೆತ್ತದೆ ಹೇಳಿದಳು: "ನಾನು ಮುಂದಿನ ಬೆಂಚಿನಲ್ಲೇ ಕೂತಿದ್ದೆ ಟೀಚರ್, ಎಲ್ಲ ಬರೆದುಕೊಂಡಿದ್ದೇನೆ. ಎಟಿಎಂ ಕಾರ್ಡ್ ಅಣ್ಣನ ಬಳಿ ಇದೆ." ಖಾತೆ ತೆರೆಯುವಾಗ ಆಕೆಗೆ ಸ್ವಂತ ಫೋನ್ ಇರಲಿಲ್ಲವಾದ್ದರಿಂದ ಅಣ್ಣನ ನಂಬರ್ ಕೊಟ್ಟಿದ್ದರು, ಸಂಬಳ ಬಿದ್ದ ಸಂದೇಶವೂ ಅವನಿಗೇ, ಒಟಿಪಿಯೂ ಅವನಿಗೇ. ಆಕೆಯ ಕೈಗೆ ಬರುತ್ತಿದ್ದದ್ದು ರೈಲಿನ ಪಾಸಿನ ದುಡ್ಡು ಮಾತ್ರ. ಮದುವೆಯ ಚಿನ್ನಕ್ಕೆ ಕೂಡಿಡುತ್ತಿದ್ದೇನೆಂದು ಅಣ್ಣ ಹೇಳುತ್ತಿದ್ದನಂತೆ, ಅದು ಸುಳ್ಳೆಂದು ಹೇಳಲು ನನ್ನಲ್ಲೂ ಆಧಾರವಿರಲಿಲ್ಲ.

ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, ತುಳುವಿನಲ್ಲಿ ಮೆಲ್ಲಗೆ ಹೇಳಿದ ಮಾತು ಇದು: "ನನ್ನ ಬೀಡಿಯ ಮಜೂರಿ ವಾರಕ್ಕೊಮ್ಮೆ ನನ್ನ ಕೈಗೇ ಬರುತ್ತಿತ್ತು. ಇವರ ಅಪ್ಪ ಕುಡಿಯಲು ಕೇಳಿದರೂ ಎಣಿಸಿ ಕೊಡುವವಳು ನಾನೇ. ಇವಳ ದುಡ್ಡು ಕಣ್ಣಿಗೇ ಕಾಣುವುದಿಲ್ಲ, ಇಲ್ಲ ಎಂದು ಹೇಳುವುದು ಯಾರಿಗೆ?"

ಬ್ಯಾಂಕ್ ಖಾತೆಯಾದರೆ ಹೆಣ್ಣುಮಕ್ಕಳ ದುಡಿಮೆ ಸುರಕ್ಷಿತವೆಂದು ನಾವೆಲ್ಲ ಪಾಠ ಮಾಡುತ್ತೇವೆ. ಅಕ್ಷರ ಕಲಿಯದ ಈ ತಾಯಿ ಅದರ ಇನ್ನೊಂದು ಮಗ್ಗುಲನ್ನು ನನಗೆ ತೋರಿಸಿದ್ದರು.

ನನ್ನ ಸಲಹೆ ಹೀಗಿತ್ತು. ರಜೆಯ ದಿನ ತಾಯಿಯೊಂದಿಗೆ ಆಧಾರ್ ಮತ್ತು ಪಾಸ್‌ಬುಕ್ ಹಿಡಿದು ಶಾಖೆಗೆ ಹೋಗಿ, ಖಾತೆಯ ಮೊಬೈಲ್ ನಂಬರ್ ಬದಲಿಸಿ, ಹಳೆಯ ಕಾರ್ಡನ್ನು ಬ್ಲಾಕ್ ಮಾಡಿಸಿ ಹೊಸದಕ್ಕೆ ಅರ್ಜಿ ಕೊಡುವುದು. ಆದರೆ ಹಿಂದಿನ ಸಂಜೆಯೇ ಅದನ್ನು ಅಣ್ಣನಿಗೆ ತಾಯಿಯ ಎದುರಿನಲ್ಲಿ ತಿಳಿಸುವುದು. ಮನೆಖರ್ಚಿಗೆ ಒಪ್ಪಿದ ಮೊತ್ತವನ್ನು ತಿಂಗಳಿಗೊಮ್ಮೆ ತಾಯಿಯ ಕೈಗೆ ತಾನೇ ಕೊಡುವುದು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಆರ್ಥಿಕ ದೌರ್ಜನ್ಯವೂ ಸೇರುತ್ತದೆ, ಒಂದೇ ಮನೆಯಲ್ಲಿರುವ ಅಣ್ಣನ ಮೇಲೂ ಅದರಡಿ ದೂರು ಕೊಡಬಹುದು ಎಂದು ವಿವರಿಸಿದೆ. ಅವನು ಕೈಯೆತ್ತಿದರೆ ತಡಮಾಡದೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬೇಕೆಂದು ನಂಬರನ್ನು ಬಾಯಿಪಾಠ ಮಾಡಿಸಿದೆ.

ಮೊದಲೇ ದೂರು ಕೊಡಿಸಬೇಕಿತ್ತೆಂದು ಸಹೋದ್ಯೋಗಿಯೊಬ್ಬರು ನನ್ನನ್ನು ಟೀಕಿಸಿದರು. ಅವನು ಹೊಡೆದಿದ್ದರೆ, ಬೆದರಿಸಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಇಲ್ಲಿ ಹುಡುಗಿ ಸಂಜೆಯ ಬಸ್ಸಿಗೆ ಅದೇ ಮನೆಗೆ ಮರಳಬೇಕಿತ್ತು, ಮತ್ತು ಆಕೆ ಕೇಳಿದ್ದು ತನ್ನ ಸಂಬಳವನ್ನೇ ಹೊರತು ಅಣ್ಣನಿಗೆ ಶಿಕ್ಷೆಯನ್ನಲ್ಲ. ಮನೆಯ ವಿಷಯಕ್ಕೆ ಬ್ಯಾಂಕಿನವರೆಗೆ ಹೋಗಬಾರದಿತ್ತೆಂದ ಇನ್ನೊಬ್ಬರಿಗೆ ನಾನು ಉತ್ತರಿಸಲಿಲ್ಲ.

ತರಬೇತಿ ಕೇಂದ್ರಗಳಿಗೆ ಹೇಳಬೇಕಾದದ್ದು ಬೇರೆಯೇ ಇದೆ. ಕೆಲಸ ಸಿಕ್ಕಿತೆನ್ನಲು ಸಂಬಳದ ಚೀಟಿಯನ್ನೋ ಬ್ಯಾಂಕಿನ ಲೆಕ್ಕವನ್ನೋ ಕಡತಕ್ಕೆ ಸೇರಿಸುತ್ತಾರೆ, ಆ ದುಡ್ಡನ್ನು ತೆಗೆಯುವವರು ಯಾರೆಂದು ಕೇಳುವ ಕಾಲಮು ಅದರಲ್ಲಿಲ್ಲ. ಹಕ್ಕುಗಳ ತರಗತಿಗೆ ಹುಡುಗಿಯರನ್ನು ಮಾತ್ರ ಕೂರಿಸಿ, ಅವರ ಅಪ್ಪ ಅಣ್ಣಂದಿರನ್ನು ಹೊರಗಿಟ್ಟರೆ, ಮನೆಯಲ್ಲಿ ವಾದಿಸುವ ಹೊರೆಯೆಲ್ಲ ಹುಡುಗಿಯ ಹೆಗಲಿಗೇ ಬೀಳುತ್ತದೆ. ಕೇರಳದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ಅಯಲ್‌ಕೂಟದ (ನೆರೆಹೊರೆಯ ಮಹಿಳೆಯರ ಗುಂಪಿನ) ಭಾನುವಾರದ ಸಭೆಗೆ ಗಂಡಸರನ್ನೂ ಕರೆದು, ನಮ್ಮ ಭಾಗದಲ್ಲಾದರೂ ಮಲಯಾಳದ ಕರಪತ್ರದ ಬದಲು ಕನ್ನಡದಲ್ಲಿ, ತುಳುವಿನಲ್ಲಿ ಮಾತನಾಡಿದರೆ ಅರ್ಧ ಕೆಲಸವಾದೀತು.

ಹುಡುಗಿ ಈಗಲೂ ಅದೇ ಕೆಲಸದಲ್ಲಿದ್ದಾಳೆ. ಕಾರ್ಡ್ ಆಕೆಯ ಬಳಿಯಿದೆ, ಅಣ್ಣ ಎರಡು ತಿಂಗಳಿಂದ ಆಕೆಯೊಡನೆ ಮಾತನಾಡಿಲ್ಲ.